ಖಾಲಿ ದಾಳಿಗೆ ಚಪ್ಪಾಳೆ ಇಲ್ಲ

ನಾಳೆ ಸಂಜೆ ಅಜ್ಜಂಪುರದಲ್ಲಿ ಕಾಲೇಜು ಹುಡುಗರ ಕಬಡ್ಡಿ ಫೈನಲ್. ಒಂದು ಕಡೆ ನಮ್ಮ ಕಡೂರಿನವರು, ಇನ್ನೊಂದು ಕಡೆ ತರೀಕೆರೆಯವರು. ಸೆಮಿಫೈನಲ್ ಎರಡನ್ನೂ ಗೆರೆ ಪಕ್ಕದಲ್ಲೇ ಕೂತು ನೋಡಿ ಬಂದಿದ್ದೀನಿ. ಬಂದಾಗಿನಿಂದ ಸಿಕ್ಕವರದ್ದೆಲ್ಲ ಒಂದೇ ಪ್ರಶ್ನೆ, "ಯಾರ್ ಗೆಲ್ತಾರೆ ಸಾರ್?" ಕೇಳಿದವರೇ ಉತ್ತರಾನೂ ಕೊಟ್ಟುಬಿಡ್ತಾರೆ. "ಕಡೂರೇ ಬಿಡಿ. ಆ ಲೆಫ್ಟ್ ಕಾರ್ನರ್ ಹುಡುಗ ಇರೋವರ್ಗೂ ಯಾವ ರೈಡರ್ ವಾಪಸ್ ಹೋಗ್ತಾನೆ?"

ನಾನು ಕಡೂರಿನವನೇ. ಆದರೂ ಹೂಂ ಅನ್ನೋಕೆ ಬಾಯಿ ಬರ್ತಿಲ್ಲ. ಯಾಕೆ ಅಂತ ಬರೀತೀನಿ. ಬೈಯೋರು ಆಟ ಮುಗಿದ ಮೇಲೆ ಬೈಯಿರಿ.

ಮೊದಲು ನಮ್ಮವರ ರಕ್ಷಣೆ. ಆ ಹುಡುಗ ನಿಜಕ್ಕೂ ಚೆನ್ನಾಗಿ ಆಡ್ತಾನೆ. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ್ದೇ ತಡ, ಹಾವು ಬಿದ್ದ ಹಾಗೆ ಬಿದ್ದು ಕಣಕಾಲು ಹಿಡೀತಾನೆ. ಜನ ಎದ್ದು ನಿಂತು ಶಿಳ್ಳೆ ಹೊಡೀತಾರೆ. ಆದರೆ ಅವನು ಹಾರಿದಾಗ ಪಕ್ಕದ ಕವರ್ ಆಟಗಾರ ಎಲ್ಲಿದ್ದ ಅಂತ ನೋಡಿದವರು ಕಡಿಮೆ. ನಾನು ನೋಡಿದೆ. ಅವನೂ ನಮ್ಮ ಹಾಗೇ ನಿಂತು ನೋಡ್ತಿದ್ದ! ಹಿಡಿತ ಗಟ್ಟಿಯಾಗಿದ್ದರೆ ಸರಿ. ಸ್ವಲ್ಪ ಜಾರಿತೋ, ಆಮೇಲೆ ಉಳಿದವರು ಗಾಬರಿಯಲ್ಲಿ ಓಡಿ ಬರ್ತಾರೆ, ಒಬ್ಬ ಹೋಗೋ ಜಾಗದಲ್ಲಿ ಮೂವರು ಔಟ್.

ತರೀಕೆರೆಯವರದ್ದು ಬೇರೆ ಥರ. ಅವರ ಕಾರ್ನರ್‌ಗಳ ಹೆಸರು ಯಾರಿಗೂ ಗೊತ್ತಿಲ್ಲ. ನಡುವಿನ ಇಬ್ಬರು ಕವರ್‌ಗಳು ಕೈ ಬಿಡೋದಿಲ್ಲ. ರೈಡರ್ ಎಡಕ್ಕೆ ಹೋದರೆ ಇಡೀ ಸರಪಳಿ ಎಡಕ್ಕೆ ವಾಲುತ್ತೆ, ಬಲಕ್ಕೆ ಬಂದರೆ ಬಲಕ್ಕೆ. ಹಿಡಿಯೋ ಅವಸರವೇ ಇಲ್ಲ. 30 ಸೆಕೆಂಡ್ ಮುಗಿಯುತ್ತೆ, ರೈಡರ್ ಬರಿಗೈಲಿ ವಾಪಸ್. "ಏನ್ರೋ ಇದು, ಹಿಡೀರೋ!" ಅಂತ ನನ್ನ ಪಕ್ಕದಲ್ಲಿದ್ದವರು ಕೂಗ್ತಾನೇ ಇದ್ರು.

ನಮ್ಮ ತಪ್ಪು ಇರೋದು ಇಲ್ಲೇ. ರಕ್ಷಣೆಯನ್ನ ಹಿಡಿತದ ಅಂಕಗಳಿಂದ ಅಳೀತೀವಿ. ಖಾಲಿ ದಾಳಿಗೆ ಸ್ಕೋರ್‌ಬೋರ್ಡಿನಲ್ಲಿ ಅಂಕವೂ ಇಲ್ಲ, ಅಂಗಳದಲ್ಲಿ ಚಪ್ಪಾಳೆಯೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಎರಡೂ ಕಡೆಯವರು ಪೂರ್ತಿ 30 ಸೆಕೆಂಡ್ ಬಳಸಿದರೆ ಕೊನೆಯ 5 ನಿಮಿಷದಲ್ಲಿ ಎದುರಾಳಿಗೆ ಸಿಗೋದು ಐದೇ ದಾಳಿ. ಅದರಲ್ಲಿ ಮೂರು ಖಾಲಿ ಹೋದರೆ ಉಳಿದಿದ್ದೇನು? ಪ್ರೊ ಕಬಡ್ಡಿಯವರು ಸತತ ಎರಡು ಖಾಲಿ ದಾಳಿ ಆದ ಮೇಲೆ ಮೂರನೆಯದು 'ಡು ಆರ್ ಡೈ' ಅಂತ ನಿಯಮ ಇಟ್ಟುಕೊಂಡಿರೋದೇ ಅದಕ್ಕೆ. ಹಾಗೆ ಬಿಟ್ಟರೆ ಖಾಲಿ ದಾಳಿಯಿಂದಲೇ ಪಂದ್ಯ ಮುಗಿಸಿಬಿಡಬಹುದು.

"ಹಾಗಾದ್ರೆ ಕಾರ್ನರ್ ಹುಡುಗ ದಂಡಾನಾ?" ಅಂತ ಕೇಳ್ಬೇಡಿ. ಪ್ರೊ ಕಬಡ್ಡಿಯ 10ನೇ ಸೀಸನ್ ನೆನಪಿಸಿಕೊಳ್ಳಿ. ನಮ್ಮ ಕನ್ನಡಿಗ ಬಿ.ಸಿ. ರಮೇಶ್ ಕೋಚ್ ಆಗಿದ್ದ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನ 28-25ರಿಂದ ಸೋಲಿಸಿತು. ಎರಡೂ ಕಡೆ ರಕ್ಷಣೆ ಎಷ್ಟು ಬಿಗಿ ಇತ್ತು ಅಂತ ಆ ಅಂಕಗಳೇ ಹೇಳ್ತವೆ. ಪುಣೆಯ ಎಡ ಕಾರ್ನರ್ ಇರಾನಿನ ಶಾದ್ಲೂಯಿ ಆ ಸೀಸನ್‌ನ ದೊಡ್ಡ ರಕ್ಷಕ. ಎಲ್ಲರೂ ಅವನನ್ನೇ ನೋಡಿದರು. ಆದರೆ ನಡುವಿನಲ್ಲಿ ಅಬಿನೇಶ್, ಸಂಕೇತ್ ಇಬ್ಬರು ಕವರ್‌ಗಳು ಜಾಗ ಬಿಡದೆ ನಿಂತಿದ್ದರಿಂದಲೇ ಅವನಿಗೆ ಅಷ್ಟು ಧೈರ್ಯವಾಗಿ ನುಗ್ಗೋಕೆ ಆಗಿದ್ದು. ನಮ್ಮ ಹುಡುಗನಿಗೆ ಆ ಬೆನ್ನು ಇಲ್ಲ.

ಇಷ್ಟು ಖಾತ್ರಿಯಾಗಿ ಹೇಳ್ತೀನಲ್ಲ, ಅದಕ್ಕೆ ಕಾರಣ ಇದೆ. ಮೂವತ್ತು ವರ್ಷದ ಹಿಂದೆ ಇಂಥದ್ದೇ ಒಂದು ಫೈನಲ್‌ನಲ್ಲಿ ನಾನು ರೈಟ್ ಕಾರ್ನರ್. ಕೊನೆಯ ದಾಳಿ. ನಾವು ಎರಡು ಅಂಕ ಮುಂದೆ. ಸುಮ್ಮನೆ ಹಿಂದೆ ಸರಿದು ನಿಂತಿದ್ದರೆ ಕಪ್ಪು ನಮ್ಮದು. ನನಗೆ ಮಾತ್ರ ಹಿಡಿದೇ ಮುಗಿಸಬೇಕು ಅನ್ನೋ ಹುಚ್ಚು. ಹಾರಿದೆ. ಅವನ ಕಾಲು ಕೈಗೆ ಸಿಕ್ಕಿತು, ಜಾರಿತು. ನನ್ನ ಹಿಂದೆ ಓಡಿಬಂದ ಇಬ್ಬರನ್ನೂ ಎಳಕೊಂಡು ಅವನು ನಡುಗೆರೆ ಮುಟ್ಟಿದ. ಮೂರು ಅಂಕ. ಒಂದರಿಂದ ಸೋತ್ವಿ. ವಾಪಸ್ ಬರುವಾಗ ಬೀರೂರು ಸ್ಟೇಷನ್ನಿನಲ್ಲಿ ನಮ್ಮ ಕವರ್ ಆಡಿದ ಗೆಳೆಯ ಬೈಯಲಿಲ್ಲ. "ನೀನು ಅವನನ್ನ ಹಿಡಿಯೋಕೆ ಹೋದೆ, ನಾವು ನಿನ್ನ ಉಳಿಸೋಕೆ ಬಂದ್ವಿ ಕಣೋ" ಅಂದ, ಅಷ್ಟೇ. ಈಗಲೂ ಆ ಮಾತು ಮರೆತಿಲ್ಲ.

ಹಾಗಂತ ತರೀಕೆರೆಯವರದ್ದು ದೋಷ ಇಲ್ಲದ ರಕ್ಷಣೆ ಅಂತಲ್ಲ. ಅಂಗಳದಲ್ಲಿ ಆರೇಳು ಜನ ಇದ್ದಾಗ ಮಾತ್ರ ಸರಪಳಿಗೆ ಬಲ. ಮೂವರೇ ಉಳಿದರೆ ಕೈ ಹಿಡ್ಕೊಂಡು ಏನ್ ಮಾಡ್ತಾರೆ? ಆಗ ಒಂಟಿಯಾಗಿ ಹಿಡಿಯೋ ಗಂಡೆದೆ ಬೇಕು, ಅದು ನಮ್ಮ ಹುಡುಗನಲ್ಲಿದೆ, ಅವರಲ್ಲಿ ನನಗೆ ಕಾಣಲಿಲ್ಲ. ನಮ್ಮ ರೈಡರ್‌ಗಳು ಮೊದಲ ಹತ್ತು ನಿಮಿಷದಲ್ಲಿ ಒಂದು ಲೋನಾ ಹೊಡೆದರೆ ನನ್ನ ಲೆಕ್ಕ ಎಲ್ಲ ತಲೆಕೆಳಗು. ಆದರೆ ಪಂದ್ಯ ನಿಧಾನವಾಗಿ ಸಾಗಿ ಕೊನೆಯ ಐದು ನಿಮಿಷಕ್ಕೆ ಬಂದರೆ, ತರೀಕೆರೆ. ಎರಡು ಮೂರು ಅಂಕಗಳಲ್ಲಿ.

ಜನರ ಬೆಂಬಲವೂ ಅವರ ಕಡೆಗೇ ಸ್ವಲ್ಪ ಜಾಸ್ತಿ ಇರಬಹುದು. ಅಜ್ಜಂಪುರ ಈಗ ತಾಲ್ಲೂಕಾದರೂ ಮೊದಲು ತರೀಕೆರೆ ತಾಲ್ಲೂಕಿನದ್ದೇ ಅಲ್ವಾ.

ನೋಡೋಕೆ ಹೋಗೋರು ಒಂದು ಕೆಲಸ ಮಾಡಿ. ಒಂದೆರಡು ದಾಳಿ ರೈಡರ್‌ನ ಬಿಟ್ಟು ಕವರ್‌ಗಳ ಕಾಲು ನೋಡಿ. ರೈಡರ್ ಬರಿಗೈಲಿ ವಾಪಸ್ ಹೋದಾಗ ಒಂದು ಚಪ್ಪಾಳೆ ತಟ್ಟಿ, ಯಾರಾದರೂ ನಕ್ಕರೆ ನಗಲಿ.

ನಮ್ಮ ಹುಡುಗನಿಗೆ ಸೆಮಿಫೈನಲ್ ಮುಗಿದ ಮೇಲೆ ಇದನ್ನೇ ಹೇಳೋಣ ಅಂತ ಹೋಗಿದ್ದೆ. ಸುತ್ತ ಸೆಲ್ಫಿಯವರು. ನನ್ನ ಸರದಿ ಬಂದಾಗ ಅವನು ನಗ್ತಾ ಕೈ ಕೊಟ್ಟ. ನಾನೂ "ಚೆನ್ನಾಗಿ ಆಡಿದೆ ಮಗಾ" ಅಂದು ಬಂದೆ. ನಾಳೆ ಬೇಗ ಹೋಗಿ, ಆಟ ಶುರುವಾಗೋ ಮೊದಲು ಸಿಕ್ಕರೆ ಹೇಳ್ತೀನಿ. ನನ್ನ ಲೆಕ್ಕ ಸುಳ್ಳಾದರೆ ನನಗಿಂತ ಖುಷಿ ಪಡೋರು ಯಾರೂ ಇರಲ್ಲ.