ಪಕ್ಕದಲ್ಲೊಬ್ಬ ಎದುರಾಳಿ ಇರಬೇಕು

ಕ್ರಿಕೆಟ್ ಆಡುವುದನ್ನು ಕಲಿಸುವವರು ಬೀದಿಗೊಬ್ಬರಿದ್ದಾರೆ. ನೋಡುವುದನ್ನು ಕಲಿಸುವವರು ಯಾರೂ ಇಲ್ಲ. ಟಿವಿ ಹಾಕಿ ಕೂತರೆ ಮುಗಿಯಿತು, ಅದರಲ್ಲಿ ಕಲಿಯುವುದೇನಿದೆ ಎನ್ನುತ್ತಾರೆ. ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನನ್ನ ಹಟ ಗೊತ್ತಿದೆ: ಪಂದ್ಯ ನೋಡುವುದಕ್ಕೂ ಒಂದು ಹದ ಇದೆ. ಯಾರ ಜೊತೆ ಕೂತು ನೋಡುತ್ತೀರಿ ಎನ್ನುವುದು ಅದರಲ್ಲಿ ಮೊದಲನೆಯದು. ಆರ್‌ಸಿಬಿ ಅಭಿಮಾನಿಗಳೇ ಹತ್ತು ಜನ ಸೇರಿದರೆ ಕಿರುಚಾಟ ಸಿಗುತ್ತದೆ, ಪಂದ್ಯ ಸಿಗುವುದಿಲ್ಲ. ಎದುರು ತಂಡದವರು ಒಬ್ಬರಾದರೂ ಪಕ್ಕದಲ್ಲಿರಬೇಕು. ಸೋತಾಗ ಎದ್ದು ತಮ್ಮ ಮನೆಗೆ ಹೋಗಲಾಗದವರಾದರೆ ಇನ್ನೂ ಒಳ್ಳೆಯದು. ಗಂಡ-ಹೆಂಡತಿಯೇ ಹಾಗಿದ್ದುಬಿಟ್ಟರೆ ಕೇಳುವುದೇ ಬೇಡ.

ಇದಕ್ಕೆ ಹೇಳಿ ಮಾಡಿಸಿದ ಊರು ಹೊಸೂರು. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಅಲ್ಲಿಂದ ಸುಮಾರು 40 ಕಿಲೋಮೀಟರ್, ಚೆಪಾಕ್‌ಗೆ ಸುಮಾರು 300. ಆದರೆ ರೇಷನ್ ಕಾರ್ಡು, ಶಾಲೆಯ ಪುಸ್ತಕ, ಅಂಗಡಿಯ ಬೋರ್ಡು ಎಲ್ಲ ಚೆನ್ನೈ ಕಡೆಯವು. ಮನೆಯೊಳಗಿನ ಮಾತು ಕನ್ನಡವೋ ತೆಲುಗೋ ತಮಿಳೋ, ಆಯಾ ಮನೆಗೆ ಬಿಟ್ಟಿದ್ದು. ಇಂಥ ಊರಲ್ಲಿ ಯಾವ ತಂಡ ನಮ್ಮದು ಎಂಬ ಪ್ರಶ್ನೆಗೆ ಭೂಪಟ ಉತ್ತರ ಕೊಡುವುದಿಲ್ಲ, ಭಾಷೆಯೂ ಕೊಡುವುದಿಲ್ಲ.

ನನ್ನ ಅಕ್ಕನ ಮಗಳು ಮದುವೆಯಾಗಿ ಹೋಗಿರುವುದು ಅದೇ ಹೊಸೂರಿನ ಮೂಕಂಡಪಲ್ಲಿಗೆ. ಹೆದ್ದಾರಿಯ ಪಕ್ಕ, ಸಿಪ್‌ಕಾಟ್ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಂತಿರುವ ಜಾಗ. ಅಳಿಯ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ವಾರಕ್ಕೊಂದು ಶಿಫ್ಟು. ಹುಡುಗಿ ಆನೇಕಲ್ಲಿನವಳು, ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುತ್ತಾಳೆ. ಮನೆಮಾತು ಇಬ್ಬರದೂ ಕನ್ನಡ. ಅಳಿಯನ ಹಿರಿಯರು ಡೆಂಕಣಿಕೋಟೆ ಕಡೆಯವರು, ಕನ್ನಡ ಬಿಟ್ಟು ಬೇರೆ ಮಾತಾಡದವರು. ಆದರೂ ಅವನು ಚೆನ್ನೈ ತಂಡದ ಕಟ್ಟಾ ಅಭಿಮಾನಿ. ಐಪಿಎಲ್ ಶುರುವಾದ 2008ರಲ್ಲಿ ತಮಿಳು ಮಾಧ್ಯಮದ ಶಾಲೆಯ ಹುಡುಗ, ಕ್ಲಾಸಿನಲ್ಲಿ ಎಲ್ಲರೂ ಧೋನಿ ಧೋನಿ ಎನ್ನುತ್ತಿದ್ದ ಕಾಲ. ಅವಳದು ಹುಟ್ಟಿನಿಂದ ಬಂದ ಆರ್‌ಸಿಬಿ. ಒಂದೇ ಹಾಲ್, ಒಂದೇ ಟಿವಿ.

ಅಳಿಯನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಚೆನ್ನೈ ಗೆದ್ದ ವರ್ಷಗಳಿಂದಲ್ಲ, ಅದು ಆಡದೇ ಇದ್ದ ವರ್ಷಗಳಿಂದ. ಬೆಟ್ಟಿಂಗ್ ಪ್ರಕರಣದಲ್ಲಿ ಲೋಧಾ ಸಮಿತಿ ಆ ತಂಡವನ್ನು ಎರಡು ವರ್ಷ ಅಮಾನತು ಮಾಡಿತಲ್ಲ, 2016 ಮತ್ತು 2017, ಆಗ ಅವನಿಗೆ ತಂಡವೇ ಇರಲಿಲ್ಲ. ಬೇರೆ ತಂಡಕ್ಕೆ ಹಾರಲಿಲ್ಲ. ಪಂದ್ಯ ನೋಡುವುದನ್ನೂ ಬಿಡಲಿಲ್ಲ. 2016 ಎಂದರೆ ವಿರಾಟ್ ಕೊಹ್ಲಿ 4 ಶತಕ ಹೊಡೆದು 973 ರನ್ ಗಳಿಸಿದ ವರ್ಷ. ಆರ್‌ಸಿಬಿಯವರಿಗೆ ಅದು ನೆನಪಾಗುವುದು ಮೇ 29ರ ಫೈನಲ್‌ನಿಂದ: 209ರ ಗುರಿ, ಗೇಲ್-ಕೊಹ್ಲಿ ಮೊದಲ ವಿಕೆಟ್‌ಗೆ 114, ಆಮೇಲೆ ಸ್ವಂತ ಮೈದಾನದಲ್ಲೇ 8 ರನ್‌ನಿಂದ ಸೋಲು. ಅಳಿಯನಿಗೆ ನೆನಪಿರುವುದು ಕೊಹ್ಲಿ ಆ ಇಡೀ ವರ್ಷ ಕವರ್ಸ್ ಮೇಲೆ ಹೊಡೆಯುವಾಗ ಮುಂಗಾಲು ಎಲ್ಲಿ ಇಡುತ್ತಿದ್ದ ಎಂಬುದು. "ನಮ್ದು ಅಂತ ಟೀಮ್ ಇರ್ಲಿಲ್ಲ ಮಾವ, ಅದಕ್ಕೆ ಕಾಲು ಕಾಣಿಸ್ತು" ಎಂದ. ಅವಳು ತಕ್ಷಣ, "ಕಪ್ ಕಾಣಿಸ್ಲಿಲ್ಲ ಅಂತ ಹೇಳಿ ರೀ, ಮಾವ ಏನೂ ಅಂದ್ಕೊಳಲ್ಲ" ಎಂದಳು. ಇದು ಆ ಮನೆಯ ಮಾಮೂಲಿ ಧಾಟಿ.

ಟಿವಿಯ ಭಾಷೆಯ ಬಗ್ಗೆ ಅವರಲ್ಲೊಂದು ಒಪ್ಪಂದವಿದೆ. ಪಂದ್ಯವನ್ನು ವಿವರಿಸಲು ಕನ್ನಡದಲ್ಲಿ ವಿಜಯ್ ಭಾರದ್ವಾಜ್, ಭರತ್ ಚಿಪ್ಲಿ, ತಮಿಳಿನಲ್ಲಿ ಬದರಿನಾಥ್. ಎರಡು ಕಡೆಯೂ ಆಡಿ ಬಂದವರೇ. ಬೌಲಿಂಗ್ ಮಾಡುತ್ತಿರುವ ತಂಡ ಯಾವುದೋ ಆ ರಾಜ್ಯದ ಭಾಷೆಯ ವೀಕ್ಷಕ ವಿವರಣೆ ಇಡುವುದು. ಇನಿಂಗ್ಸ್ ಬದಲಾದಾಗ ಭಾಷೆಯೂ ಬದಲು. ಇದು ಬಹಳ ಜಾಣತನದ ಏರ್ಪಾಡು. ಟಿ20ಯಲ್ಲಿ ಬ್ಯಾಟಿಂಗ್ ಬಗ್ಗೆ ಯಾರೂ ವಿವರಿಸಬೇಕಾಗಿಲ್ಲ, ಚೆಂಡು ಗ್ಯಾಲರಿಗೆ ಹೋದದ್ದು ಕಾಣುತ್ತದೆ. ಬೌಲರ್ ಏನು ಯೋಚಿಸುತ್ತಿದ್ದಾನೆ, ಥರ್ಡ್ ಮ್ಯಾನ್‌ನಲ್ಲಿದ್ದವನನ್ನು ವೃತ್ತದೊಳಗೆ ಯಾಕೆ ಕರೆದ, ಇದನ್ನು ಆ ತಂಡದ ಜೊತೆ ಬೆಳೆದವರೇ ಹೇಳಬೇಕು.

ಆ ಕಡೆಯ ಲೈನ್ ಮನೆಗಳಲ್ಲಿ ಪಂದ್ಯ ನೋಡುವವರಿಗೆ ಇನ್ನೊಂದು ಫಜೀತಿ ಇದೆ. ಕೇಬಲ್ ಇರುವ ಮನೆಗೆ ವಿಕೆಟ್ ಮೊದಲು ಬೀಳುತ್ತದೆ. ಮೊಬೈಲ್‌ನಲ್ಲಿ ಜಿಯೋಹಾಟ್‌ಸ್ಟಾರ್ ನೋಡುವವನಿಗೆ ಕೆಲವು ಸೆಕೆಂಡು ತಡವಾಗಿ. ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಪಕ್ಕದ ಗೋಡೆಯ ಆಚೆಯಿಂದ "ಪೋಯಿಡುಚ್ಚು" ಎಂಬ ನಿಟ್ಟುಸಿರು, ಮೇಲಿನ ಮಹಡಿಯ ಒಡಿಶಾ ಹುಡುಗರ ರೂಮಿನಿಂದ ಸೀಟಿ. ಹೀಗಾದರೆ ನೋಡುವುದು ಏನನ್ನು? ಅಳಿಯ ಇದಕ್ಕಾಗಿಯೇ ಡಿಶ್ ಹಾಕಿಸಿದ. ಒಳ್ಳೆಯ ಖರ್ಚು. ಸೆಕೆಂಡ್ ಶಿಫ್ಟ್ ಇರುವ ವಾರ ಮಾತ್ರ ಅವನ ಗತಿ ಬೇರೆ; ಏಳೂವರೆಗೆ ಶುರುವಾದ ಪಂದ್ಯ ಅವನು ಮನೆ ಸೇರುವಷ್ಟರಲ್ಲಿ ಕೊನೆಯ ಓವರುಗಳಿಗೆ ಬಂದಿರುತ್ತದೆ.

ಆ ವಾರಗಳಿಗಾಗಿ ಹುಟ್ಟಿಕೊಂಡದ್ದೇ ಆ ಮನೆಯ ಸ್ಕೋರ್ ಬುಕ್ಕು. ನಾನು ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

ಅದೊಂದು ಉದ್ದನೆಯ ಲೆಕ್ಕದ ಪುಸ್ತಕ. ಆಫೀಸಿನಿಂದ ಬಂದವಳು ಮಸಾಲೆ ಹಾಕಿದ ಕಡಲೆಪುರಿ ಬಟ್ಟಲಿನ ಪಕ್ಕ ಅದನ್ನು ತೆರೆದಿಟ್ಟುಕೊಂಡು ಕೂರುತ್ತಾಳೆ. ಒಂದು ಓವರಿಗೆ ಒಂದು ಸಾಲು. ಎಡಗಡೆ ಬೌಲರ್, ಆಮೇಲೆ ಇಬ್ಬರು ಬ್ಯಾಟರ್‌ಗಳಿಗೆ ಒಂದೊಂದು ಕಾಲಂ, ಯಾರು ಎದುರಿಸಿದರೋ ಅವರ ಕಾಲಂನಲ್ಲಿ ಆ ಎಸೆತ. ರನ್ ಇಲ್ಲದ್ದಕ್ಕೆ ಚುಕ್ಕೆ. ಬಿಬಿಸಿ ರೇಡಿಯೋಗೆ 1966ರಿಂದ ನಾಲ್ಕು ದಶಕ ಸ್ಕೋರ್ ಬರೆದ ಬಿಲ್ ಫ್ರಿಂಡಾಲ್ ಪ್ರಸಿದ್ಧಗೊಳಿಸಿದ ಸಾಲುಸಾಲಿನ ಪದ್ಧತಿ ಇದೇ. ಮಾಮೂಲಿ ಸ್ಕೋರ್ ಬುಕ್ಕಿನಲ್ಲಿ ಯಾರು ಎಷ್ಟು ಹೊಡೆದರು ಎನ್ನುವುದು ತಿಳಿಯುತ್ತದೆ. ಇದರಲ್ಲಿ ಯಾವ ಚೆಂಡಿನ ನಂತರ ಯಾವ ಚೆಂಡು ಬಂತು ಎನ್ನುವುದು ತಿಳಿಯುತ್ತದೆ. ಹೆಂಡತಿ ಬರೆದ ಸಾಲುಗಳನ್ನು ಗಂಡ ಶಿಫ್ಟ್ ಮುಗಿಸಿ ಬಂದು ಊಟ ಮಾಡುತ್ತ ಓದುತ್ತಾನೆ. ಹೈಲೈಟ್ಸ್ ನೋಡುವುದಕ್ಕಿಂತ ಇದು ಸಾವಿರ ಪಾಲು ಮೇಲು. ಹೈಲೈಟ್ಸ್‌ನಲ್ಲಿ ಚುಕ್ಕೆಗಳಿರುವುದಿಲ್ಲವಲ್ಲ.

2024ರ ಮೇ 18ರ ಪುಟವನ್ನು ನನಗೆ ತೋರಿಸಿದರು. ಬೆಂಗಳೂರಿನಲ್ಲಿ ನಡೆದ ಪಂದ್ಯ, ಮಳೆ ಬಂದು ನಿಂತಿತ್ತು. ನೆಲದೊಳಗಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆ 2017ರಿಂದ ಇರುವುದರಿಂದ ಆಟ ಪೂರ್ತಿ ನಡೆಯಿತು. ಆರ್‌ಸಿಬಿ 5ಕ್ಕೆ 218. ಚೆನ್ನೈ ಗೆಲ್ಲಬೇಕೆಂದೇನೂ ಇರಲಿಲ್ಲ, 201 ಮುಟ್ಟಿದರೆ ಪ್ಲೇಆಫ್‌ಗೆ ಹೋಗುತ್ತಿತ್ತು. ಕೊನೆಯ ಓವರಿಗೆ 17 ಬೇಕು. ಬೌಲರ್ ಯಶ್ ದಯಾಳ್, ಎದುರಿಗೆ ಧೋನಿ. ಪುಟದಲ್ಲಿ ಆ ಸಾಲು ಹೀಗಿದೆ: 6, ವಿಕೆಟ್, ಚುಕ್ಕೆ, 1, ಚುಕ್ಕೆ, ಚುಕ್ಕೆ.

ಆ 6 ಸಾಮಾನ್ಯದ್ದಲ್ಲ, 110 ಮೀಟರ್, ಚೆಂಡು ಕ್ರೀಡಾಂಗಣ ಬಿಟ್ಟು ಹೊರಗೇ ಹೋಯಿತು. ಅಂದು ಮನೆಯಲ್ಲೇ ಇದ್ದ ಅಳಿಯ ಕುರ್ಚಿ ಬಿಟ್ಟು ಎದ್ದು ಕುಣಿದನಂತೆ. ಅವಳು ಮಾತ್ರ ಪುಸ್ತಕದ ಅಂಚಿನಲ್ಲಿ ಪೆನ್ನಿನಿಂದ ಸಣ್ಣಗೆ ಬರೆದಿದ್ದಾಳೆ: "ಬೇರೆ ಬಾಲ್." ಅಲ್ಲಿಯವರೆಗೆ ಆಡುತ್ತಿದ್ದ ಚೆಂಡು ಒದ್ದೆಯಾಗಿ ಬೌಲರ್‌ನ ಕೈಯಿಂದ ಜಾರುತ್ತಿತ್ತು. ಕಳೆದುಹೋದ ಚೆಂಡಿನ ಬದಲು ಬಂದದ್ದು ಒಣಗಿದ್ದು. ದಯಾಳ್‌ಗೆ ನಿಧಾನದ ಎಸೆತ ಹಿಡಿತಕ್ಕೆ ಸಿಕ್ಕಿತು, ಮುಂದಿನದಕ್ಕೇ ಧೋನಿ ಬೌಂಡರಿಯಲ್ಲಿ ಕ್ಯಾಚ್. ಕೊನೆಯ ಎರಡು ಎಸೆತಕ್ಕೆ 10 ಬೇಕಿದ್ದಾಗ ಜಡೇಜ ಬೀಸಿದ ಬ್ಯಾಟಿಗೆ ಎರಡೂ ಸಲ ಚೆಂಡು ಸಿಗಲಿಲ್ಲ. ಪಂದ್ಯ ಮುಗಿದ ಮೇಲೆ ಆರ್‌ಸಿಬಿಯ ದಿನೇಶ್ ಕಾರ್ತಿಕ್ ಕೂಡ ಇದೇ ಮಾತು ಹೇಳಿದರು: ಧೋನಿ ಚೆಂಡನ್ನು ಹೊರಗೆ ಹೊಡೆದದ್ದೇ ನಮಗೆ ಒಳ್ಳೆಯದಾಯಿತು ಎಂದು. ಮೂಕಂಡಪಲ್ಲಿಯ ಹುಡುಗಿ ಅದಕ್ಕೆ ಮೊದಲೇ ಬರೆದಿಟ್ಟಿದ್ದಳು. ಪಕ್ಕದಲ್ಲಿ ಕುಣಿಯುವವನು ಇದ್ದದ್ದರಿಂದಲೇ ಅವಳ ಕಣ್ಣು ಸಿಕ್ಸರ್‌ನಿಂದ ಸರಿದು ಅಂಪೈರ್ ಕೈಯಲ್ಲಿದ್ದ ಚೆಂಡಿನ ಡಬ್ಬಿಗೆ ಹೋಯಿತು ಎಂಬುದು ನನ್ನ ವಾದ. ಹತ್ತು ಜನ ಆರ್‌ಸಿಬಿಯವರ ನಡುವೆ ಕೂತಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದಳು, ಅಷ್ಟೇ.

ಸರದಿ ಅವನಿಗೂ ಬಂತು. 2025ರ ಮೇ 3, ಮತ್ತೆ ಬೆಂಗಳೂರು. ರೊಮಾರಿಯೊ ಶೆಫರ್ಡ್ 14 ಎಸೆತದಲ್ಲಿ 53 ಹೊಡೆದ ರಾತ್ರಿ. ಆರ್‌ಸಿಬಿ 213, ಚೆನ್ನೈ ಪರ ಆಯುಷ್ ಮ್ಹಾತ್ರೆ 94. ಎಂಗಿಡಿಯ ಎಸೆತದಲ್ಲಿ ಡಿವಾಲ್ಡ್ ಬ್ರೆವಿಸ್ ಮೊದಲ ಚೆಂಡಿಗೇ ಎಲ್‌ಬಿಡಬ್ಲ್ಯು. ರಿವ್ಯೂ ಕೇಳುವ ಹೊತ್ತಿಗೆ 15 ಸೆಕೆಂಡ್ ಮುಗಿದಿತ್ತು. ಚೆಂಡು ಲೆಗ್ ಸ್ಟಂಪ್ ಬಿಟ್ಟು ಹೋಗುತ್ತಿತ್ತು ಎಂದು ರೀಪ್ಲೇ ತೋರಿಸಿತು. ಕೊನೆಯ ಓವರಿಗೆ 15, ಮತ್ತೆ ಅದೇ ದಯಾಳ್: 1, 1, ಧೋನಿಯ ವಿಕೆಟ್, ನೋಬಾಲಿಗೆ ದುಬೆಯ ಸಿಕ್ಸರ್, 1, 1, 1. ಚೆನ್ನೈ 211, ಸೋಲು 2 ರನ್‌ನಿಂದ. ಬ್ರೆವಿಸ್‌ನ ಆ 15 ಸೆಕೆಂಡಿನ ಬಗ್ಗೆ ಆ ಮನೆಯಲ್ಲಿ ನಡೆದ ಚರ್ಚೆ ಎಷ್ಟು ದಿನ ಎಳೆಯಿತೆಂದರೆ ಅಕ್ಕ ನನಗೆ ಫೋನ್ ಮಾಡಿ, ನೀನಾದರೂ ಹೇಳಪ್ಪ ಎಂದಳು. ಟೈಟಾನ್ ಗಡಿಯಾರ ತಯಾರಾಗುವ ಊರಿನವರಿಗೆ ಸೆಕೆಂಡಿನ ಲೆಕ್ಕ ನಾನೇನು ಹೇಳಲಿ! ಆದರೆ ನಿಯಮ ನಿಯಮವೇ. ಹಾಗೆ ಹೇಳಿದೆ. ಅಳಿಯ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಗೇಲಿಗೂ ಅವರಲ್ಲಿ ಒಂದು ಗಡಿ ಇದೆ. ಕಪ್‌ಗಳ ಲೆಕ್ಕ ಎತ್ತಿದರೆ ಅವನ ಕೈ ಮೇಲೆ: ಚೆನ್ನೈಗೆ 2010, 2011, 2018, 2021, 2023. ಅವಳು ಮೊದಲು 2024ರ ಮಾರ್ಚ್ 17 ಎನ್ನುತ್ತಾಳೆ. ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್ ಕಿತ್ತು ಆರ್‌ಸಿಬಿಯ ಮಹಿಳೆಯರು ಕಪ್ ಎತ್ತಿದ ದಿನ. ಗಂಡಸರಿಗಿಂತ ಮೊದಲು ಕಪ್ ತಂದವರು ಅವರು, ಇದನ್ನು ಮರೆಯುವ ಅಭಿಮಾನಿಗಳನ್ನು ಕಂಡರೆ ನನಗೂ ಸಿಟ್ಟು. ಆಮೇಲೆ 2025ರ ಜೂನ್ 3, ಅಹಮದಾಬಾದ್, ಪಂಜಾಬ್ ಮೇಲೆ 6 ರನ್‌ನಿಂದ ಗೆಲುವು. ಆದರೆ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಕಪ್ಪಿನ ವಿಷಯ ಬಂದರೆ ಅಳಿಯ ಕೀಟಲೆ ಮಾಡುವುದಿಲ್ಲ. ಕಾವೇರಿ ಗಲಾಟೆಯಿಂದ 2018ರಲ್ಲಿ ಚೆನ್ನೈ ತಂಡ ತವರಿನ ಪಂದ್ಯಗಳನ್ನು ಪುಣೆಯಲ್ಲಿ ಆಡಬೇಕಾಯಿತಲ್ಲ, ಅದನ್ನು ಅವಳೂ ಎತ್ತುವುದಿಲ್ಲ. ಗಲಾಟೆ ಎದ್ದಾಗಲೆಲ್ಲ ಅತ್ತಿಬೆಲೆಯಲ್ಲಿ ಬಸ್ಸು ನಿಂತು ನಡೆದು ಗಡಿ ದಾಟುವ ಕಷ್ಟ ಏನೆಂದು ಇಬ್ಬರಿಗೂ ಗೊತ್ತು.

ಕ್ರೀಡಾಂಗಣಕ್ಕೇ ಹೋಗಿ ನೋಡುವ ಆಸೆ ಇಲ್ಲವೇ ಎಂದು ಕೇಳಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ದಾರಿ ಸಲೀಸು: ಬೊಮ್ಮಸಂದ್ರದವರೆಗೆ ಬೈಕು, ಅಲ್ಲಿಂದ ಆರ್‌.ವಿ. ರೋಡ್, ಮೆಜೆಸ್ಟಿಕ್, ಕಬ್ಬನ್ ಪಾರ್ಕ್. "ಟಿಕೆಟ್ ರೇಟಿಗೆ ಆರು ತಿಂಗಳ ಡಿಶ್ ರೀಚಾರ್ಜ್ ಬರುತ್ತೆ ಮಾವ" ಎಂದಳು. ಅದೂ ಸರಿಯೇ. ಸ್ಟ್ಯಾಂಡಿನಲ್ಲಿ ಕೂತರೆ ಸ್ಕೋರ್ ಬುಕ್ಕು ತೊಡೆಯ ಮೇಲೆ ನಿಲ್ಲುವುದಿಲ್ಲ, ಡಿಜೆ ಸದ್ದಿನಲ್ಲಿ ಗಂಡನ ಗೊಣಗಾಟ ಕೇಳುವುದಿಲ್ಲ.

ಈ ಹವ್ಯಾಸ ಹಿಡಿಯಬೇಕೆನ್ನುವ ಜೋಡಿಗಳಿಗೆ ಒಂದು ಮಾತು. ಐಪಿಎಲ್‌ನಿಂದ ಶುರು ಮಾಡಬೇಡಿ, ಕೈ ಓಡುವುದಿಲ್ಲ. ಕರ್ನಾಟಕ-ತಮಿಳುನಾಡು ರಣಜಿ ಪಂದ್ಯ ಇದ್ದಾಗ ಪುಸ್ತಕ ತೆಗೆಯಿರಿ. ಈ ಎರಡು ತಂಡಗಳ ಜಗಳ ಐಪಿಎಲ್‌ಗಿಂತ ಎಷ್ಟೋ ಹಳೆಯದು. ರಣಜಿ ಇತಿಹಾಸದ ಮೊದಲ ಪಂದ್ಯವೇ 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಮದ್ರಾಸ್ ಮತ್ತು ಮೈಸೂರು ನಡುವೆ ನಡೆದದ್ದು. ನಮ್ಮವರು 48 ಮತ್ತು 59ಕ್ಕೆ ಉರುಳಿ, ಇಡೀ ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. 2015ರಲ್ಲಿ ವಾಂಖೆಡೆಯ ಫೈನಲ್‌ನಲ್ಲಿ ಕರುಣ್ ನಾಯರ್ 328 ಹೊಡೆದು ಬಡ್ಡಿ ಸಮೇತ ತೀರಿಸಿದ. ಮುಷ್ತಾಕ್ ಅಲಿ ಫೈನಲ್‌ಗಳಲ್ಲಂತೂ 2019ರಲ್ಲಿ ಕರ್ನಾಟಕ 1 ರನ್‌ನಿಂದ ಗೆದ್ದರೆ, 2021ರಲ್ಲಿ ಬ್ಯಾಟರ್ ಶಾರುಖ್ ಖಾನ್ ಕೊನೆಯ ಚೆಂಡಿಗೆ ಸಿಕ್ಸರ್ ಹೊಡೆದು ತಮಿಳುನಾಡನ್ನು ಗೆಲ್ಲಿಸಿದ. ರಣಜಿಯಲ್ಲಿ ಓವರ್ ನಡುವೆ ಪೆನ್ನು ಚೀಪುವಷ್ಟು ಬಿಡುವಿರುತ್ತದೆ, ಅಂಚಿನಲ್ಲಿ ಟಿಪ್ಪಣಿ ಬರೆಯಲು ಜಾಗವೂ ಇರುತ್ತದೆ. ಉದ್ದನೆಯ ಲೆಕ್ಕದ ಪುಸ್ತಕ ಸಾಕು, ಗೆರೆ ನೀವೇ ಹಾಕಿಕೊಳ್ಳಿ. ಬರೆಯುವ ಕೆಲಸ ಮಾತ್ರ ಒಬ್ಬರೇ ಮಾಡಿ. ಇನ್ನೊಬ್ಬರು ಎದುರು ತಂಡದವರಾಗಿದ್ದರೆ ತಪ್ಪು ಹುಡುಕುವ ಕೆಲಸ ತಾನಾಗಿಯೇ ನಡೆಯುತ್ತದೆ.