ಗಟ್ಟಿ ಸ್ಪ್ರಿಂಗಿನ ಮೋಹ

ಬೆಂಗಳೂರಿನಿಂದ ಶ್ರೀಪೆರಂಬುದೂರಿನ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ತಮ್ಮ ಕಾರನ್ನೇ ಓಡಿಸಿಕೊಂಡು ಹೋಗುವ ಹವ್ಯಾಸಿಗಳಲ್ಲಿ ಮಾತು ಬೇಗ ಸ್ಪ್ರಿಂಗಿಗೆ ಬಂದು ನಿಲ್ಲುತ್ತದೆ. ‘ಮುಂದೆ ಎಷ್ಟು ಕೆಜಿ ಹಾಕ್ಸಿದ್ದೀರಾ?’ ‘ಎಂಟು.’ ಅಷ್ಟಕ್ಕೇ ಐದು ಹಾಕಿಸಿದವರ ಮುಖ ಸಣ್ಣದಾಗುತ್ತದೆ. ಕೆಜಿ ಎಂದರೆ ಇಲ್ಲಿ ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಬೇಕಾದ ಭಾರ. ಆ ಅಂಕಿಯೊಂದನ್ನೇ, ಅದೂ ಇನ್ನೊಬ್ಬರ ಕಾರಿನಿಂದ ಎತ್ತಿಕೊಂಡು, ಸ್ಪ್ರಿಂಗ್ ಆರಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಅಂಕಿಗೆ ಅರ್ಥ ಬರುವುದು ಅದು ಹೊರುವ ಭಾರ ಗೊತ್ತಾದಾಗ. ಸ್ಪ್ರಿಂಗಿನ ಮೇಲೆ ಕೂತ ಕಾರು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕವೇ ಸಹಜ ಆವರ್ತನ. ಸಾಮಾನ್ಯ ರಸ್ತೆ ಕಾರಿಗೆ ಇದು 1ರಿಂದ 1.5 ಹರ್ಟ್ಸ್. ಗಾಳಿಯ ಒತ್ತಡವನ್ನು ನೆಚ್ಚದ ಟ್ರ್ಯಾಕ್ ಕಾರಿಗೆ 2ರಿಂದ 2.5 ಸಾಕು, ಅದರಾಚೆಗಿನದು ದೊಡ್ಡ ರೆಕ್ಕೆಗಳ ರೇಸ್ ಕಾರುಗಳ ಲೋಕ. ಮುಂದಿನ ಒಂದು ಮೂಲೆಯ ಸ್ಪ್ರಿಂಗಿನ ಮೇಲೆ 315 ಕೆಜಿ ಕೂರುವ ಹ್ಯಾಚ್‌ಬ್ಯಾಕಿಗೆ 2 ಹರ್ಟ್ಸ್ ಬೇಕೆಂದರೆ ಚಕ್ರದ ಬಳಿ ಮಿಲಿಮೀಟರಿಗೆ ಸುಮಾರು 5 ಕೆಜಿ ಆಯಿತು. ಹತ್ತು ಮಾಡಿದರೆ ಆವರ್ತನ 2.8ಕ್ಕೆ ಹಾರುತ್ತದೆ.

ಹಿಂಭಾಗದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಅಲ್ಲಿ ಮೂಲೆಯೊಂದಕ್ಕೆ 190 ಕೆಜಿ ಇದ್ದೀತು. ಆದರೆ ಸ್ಪ್ರಿಂಗ್ ಕೂರುವುದು ಚಕ್ರದ ನೇರಕ್ಕಲ್ಲ, ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಬೀಮಿನ ಮೇಲೆ ತುಸು ಮುಂದಕ್ಕೆ. ಚಕ್ರ 10 ಮಿಲಿಮೀಟರ್ ಎದ್ದಾಗ ಸ್ಪ್ರಿಂಗ್ 7 ಮಾತ್ರ ಕುಗ್ಗಿದರೆ ಚಕ್ರಕ್ಕೆ ತಲುಪುವ ಬಿಗಿ 0.7ರ ವರ್ಗ, ಅಂದರೆ ಅರ್ಧದಷ್ಟು. ಹಾಗಾಗಿ 2.2 ಹರ್ಟ್ಸ್ ಸಿಗಲು ಹಗುರವಾದ ಹಿಂಭಾಗಕ್ಕೆ ಏಳೂವರೆ ಕೆಜಿಯ ಸ್ಪ್ರಿಂಗ್ ಬೇಕು! ಮುಂದೆ ಐದು, ಹಿಂದೆ ಏಳೂವರೆ ಎಂದೊಡನೆ ಉಲ್ಟಾ ಆಯಿತು ಎನ್ನುವವರಿದ್ದಾರೆ. ಉಲ್ಟಾ ಏನೂ ಆಗಿಲ್ಲ.

ಗಟ್ಟಿ ಸ್ಪ್ರಿಂಗ್ ಹಾಕಿದರೆ ತಿರುವಿನಲ್ಲಿ ಭಾರ ಹೊರಚಕ್ರಗಳಿಗೆ ದಾಟುವುದು ಕಡಿಮೆಯಾಗುತ್ತದೆ ಎಂಬ ನಂಬಿಕೆಯೂ ಗಟ್ಟಿಯಾಗಿಯೇ ಇದೆ. ಆದರೆ ದಾಟುವ ಒಟ್ಟು ಭಾರವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತೀರ್ಮಾನಿಸುವುದು ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ, ತಿರುವಿನ ವೇಗ. ಅದರಲ್ಲಿ ಮುಂದಿನ ಪಾಲೆಷ್ಟು, ಹಿಂದಿನ ಪಾಲೆಷ್ಟು ಎಂಬುದಷ್ಟೇ ಸ್ಪ್ರಿಂಗು ಮತ್ತು ಆಂಟಿ ರೋಲ್ ಬಾರ್‌ಗಳ ಕೈಲಿದೆ. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಹಿಂಭಾಗವನ್ನು ಬಿಗಿ ಮಾಡಿದಾಗ ಮೂತಿ ಹೊರಕ್ಕೆ ಜಾರುವುದು ಕಡಿಮೆಯಾಗುವುದು ಇದೇ ಕಾರಣಕ್ಕೆ. ಬಿಗಿಗೆ ಇನ್ನೊಂದು ಸಮರ್ಥನೆಯೂ ಇದೆ: ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರು ವಾಲಿದಷ್ಟೂ ಹೊರಗಿನ ಟೈರು ತನ್ನ ಅಂಚಿನ ಮೇಲೆ ನಿಲ್ಲುತ್ತದೆ, ವಾಲುವುದು ತಗ್ಗಿದರೆ ಟೈರು ಉಳಿಯುತ್ತದೆ. ಆದರೆ ರಸ್ತೆ ಟೈರಿಗೆ ಹಿಡಿತವೇ ಕಡಿಮೆ, ಆದ್ದರಿಂದ ಕಾರು ವಾಲುವುದೂ ಕಡಿಮೆ. ಅದರ ಕೆಳಗೆ ಹತ್ತು ಕೆಜಿ ಇಟ್ಟರೆ ಉಬ್ಬು ಸಿಕ್ಕಲ್ಲೆಲ್ಲ ಚಕ್ರ ನೆಲ ಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಕಾರನ್ನು ತಗ್ಗಿಸುವುದರಲ್ಲಿ. ಸ್ಟ್ರಟ್ ಕಾರನ್ನು 40 ಮಿಲಿಮೀಟರ್ ತಗ್ಗಿಸಿದರೆ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲಕ್ಕೆ ವಾಲುತ್ತದೆ. ರೋಲ್ ಸೆಂಟರು, ಅಂದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಗುರುತ್ವಕೇಂದ್ರಕ್ಕಿಂತ ಹೆಚ್ಚು ಇಳಿದುಬಿಡುತ್ತದೆ. ಇವೆರಡರ ಅಂತರ ಬೆಳೆದ ಕಾರು ಇನ್ನೂ ಹೆಚ್ಚು ವಾಲಬಯಸುತ್ತದೆ. ಅದನ್ನು ತಡೆಯಲು ಮತ್ತಷ್ಟು ಗಟ್ಟಿ ಸ್ಪ್ರಿಂಗು! ಜೊತೆಗೆ ಚಲನೆಯ ಜಾಗವೂ ಹೋಯಿತು. ಚಲನೆಯ ಕೊನೆಗೆ ತಡೆಯೊಡ್ಡುವ ರಬ್ಬರು, ಅಂದರೆ ಬಂಪ್ ಸ್ಟಾಪ್ ಮೇಲೆ ಕೂತ ಕಾರಿಗೆ ಸ್ಪ್ರಿಂಗ್ ಎಷ್ಟು ಕೆಜಿಯದಾದರೇನು? ಆ ರಬ್ಬರೇ ಅದರ ಸ್ಪ್ರಿಂಗು.

ಆವರ್ತನದ ಲೆಕ್ಕವನ್ನೂ ವೇದವಾಕ್ಯ ಮಾಡಬೇಕಿಲ್ಲ. ಅದಕ್ಕೆ ಡಾಂಬರಿನ ಉಬ್ಬುತಗ್ಗು ಗೊತ್ತಿಲ್ಲ, ಟೈರಿನ ಜಾತಿಯೂ ಗೊತ್ತಿಲ್ಲ. ಶಾಕ್ ಅಬ್ಸಾರ್ಬರ್ ಕೂಡ ಅದರ ಹೊರಗೇ ಉಳಿಯುತ್ತದೆ. ಸ್ಪ್ರಿಂಗ್ ಇಮ್ಮಡಿಯಾದರೆ ಡ್ಯಾಂಪಿಂಗ್ 1.4 ಪಟ್ಟು ಬೇಕು; ಕಂಪನಿಯ ಶಾಕ್ ಹಾಗೇ ಬಿಟ್ಟು ಸ್ಪ್ರಿಂಗ್ ಮಾತ್ರ ಬದಲಿಸಿದ ಕಾರು ಕುಣಿಯುತ್ತಲೇ ಇರುತ್ತದೆ. ಆದರೂ ಇನ್ನೊಬ್ಬರ ಅಂಕಿಗಿಂತ ಈ ಲೆಕ್ಕ ಸಾವಿರ ಪಾಲು ಮೇಲು, ಏಕೆಂದರೆ ಶುರುವಾಗುವುದು ನಿಮ್ಮದೇ ಕಾರಿನಿಂದ. ಆಮೇಲೆ ಶಾಕಿನ ರಾಡಿಗೊಂದು ಕೇಬಲ್ ಟೈ ಬಿಗಿದು ಕೆಲವು ಸುತ್ತು ಓಡಿಸಿದರೆ ಚಲನೆ ಎಲ್ಲಿಯವರೆಗೆ ಹೋಯಿತೆಂದು ಕಾಣುತ್ತದೆ. ಬಂಪ್ ಸ್ಟಾಪ್ ಮುಟ್ಟುತ್ತಿದ್ದರೆ ಮೊದಲು ಕಾರನ್ನು ಹತ್ತು ಮಿಲಿಮೀಟರ್ ಮೇಲೆತ್ತಿ ನೋಡಿ. ಕೆಜಿ ಏರಿಸುವ ಮಾತು ಅದಾದ ಮೇಲೆ.