ಅಸ್ತ್ರ ಒಲೆ ಕಲಿಸಿದ್ದು, ಹೊಸ ಒಲೆಗಳು ಮರೆತದ್ದು

ಹೊಗೆ ಕಡಿಮೆ ಬಿಡುವ ಸೌದೆ ಒಲೆ ಯಾವುದು ಎಂದು ಕೇಳಿದರೆ ಇವತ್ತು ಥಟ್ಟನೆ ಸಿಗುವ ಉತ್ತರ ಒಂದು ಅಂಕಿ. ಇಷ್ಟು ಶೇಕಡಾ ದಕ್ಷತೆ, ಇಷ್ಟು ಮಿಲಿಗ್ರಾಂ ಕಣ, ಜೊತೆಗೊಂದು ಪ್ರಯೋಗಾಲಯದ ಪ್ರಮಾಣಪತ್ರ. ಆ ಅಂಕಿ ಬೇಕೇ ಬೇಕು. ಆದರೆ ಒಲೆ ಒಂದು ಮನೆಯಲ್ಲಿ ಉಳಿಯುತ್ತದೋ ಮೂಲೆ ಸೇರುತ್ತದೋ, ಅದರ ಮುಂದೆ ಕೂತವರ ಎದೆಗೆ ಎಷ್ಟು ಹೊಗೆ ಇಳಿಯುತ್ತದೆ ಎಂಬುದನ್ನು ಅಂಕಿಯೊಂದೇ ತೀರ್ಮಾನಿಸುವುದಿಲ್ಲ. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕರ್ನಾಟಕದಲ್ಲೇ ಹುಟ್ಟಿ, ಹಳ್ಳಿಹಳ್ಳಿಗೆ ಹೋಗಿ, ಆಮೇಲೆ ಬಹುಪಾಲು ಮರೆಯಾದ ಅಸ್ತ್ರ ಒಲೆಯ ಏಳುಬೀಳನ್ನು ನೋಡಿದರೆ ಸಾಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯ ನಡುವೆಯೇ ರೂಪಿಸಬೇಕೆಂಬುದು ಅದರ ಹಂಬಲ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಒಲೆಗೆ ಕೈ ಹಾಕುವ ಮೊದಲು ಅಸ್ತ್ರದವರು ಸುತ್ತಲಿನ ಊರುಗಳಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಉರುವಲು ಹೋಗುತ್ತದೆ, ಅದನ್ನು ಯಾರು ತರುತ್ತಾರೆ ಎಂದು ಲೆಕ್ಕ ಹಾಕಿದರು. ಊರಿನ ಶಕ್ತಿಯ ಬಳಕೆಯಲ್ಲಿ ಸಿಂಹಪಾಲು ಸೌದೆಯದು, ಸೌದೆಯಲ್ಲಿ ಸಿಂಹಪಾಲು ಅಡುಗೆ ಒಲೆಯದು ಎಂಬುದು ಆ ಲೆಕ್ಕದಿಂದ ಹೊರಬಿತ್ತು. 1980ರ ದಶಕದ ಆರಂಭದಲ್ಲಿ ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಾಸ್ ಮತ್ತು ಸಂಗಡಿಗರು ಮೂರು ಪಾತ್ರೆಗಳ ಒಲೆಯನ್ನು ರೂಪಿಸಿದರು. ಮೊದಲು ಅಡುಗೆಮನೆ, ಆಮೇಲೆ ಒಲೆ ಎಂಬ ಈ ಕ್ರಮವೇ ಅಸ್ತ್ರ ಒಲೆಯ ಮೊದಲ ಹಿರಿಮೆ.

ಅದರ ರಚನೆಯನ್ನು ಹತ್ತಿರದಿಂದ ನೋಡಿದರೆ ನಮ್ಮ ಹಳೆಯ ಕೋಡೊಲೆಯ ನೆನಪಾಗುತ್ತದೆ. ಮುಂದಿನ ಒಲೆಯ ಉರಿ ಹಿಂದಿನ ಪಾತ್ರೆಯನ್ನೂ ಬಿಸಿ ಮಾಡಬೇಕೆಂಬ ತಿಳಿವಳಿಕೆ ನಮ್ಮ ಹೆಂಗಸರಿಗೆ ಮೊದಲೇ ಇತ್ತು. ಅಸ್ತ್ರ ಒಲೆ ಅದನ್ನು ಅಳತೆಗೆ ತಂದಿತು. ಸೌದೆ ಜಾಲರಿಯ ಮೇಲೆ ಕೂರುತ್ತದೆ, ಗಾಳಿ ಬೂದಿಗುಂಡಿಯ ಕಡೆಯಿಂದ ಮೇಲೇರುತ್ತದೆ. ಒಲೆಯ ಬಾಯಿ ಚಿಕ್ಕದಾದ್ದರಿಂದ ಬೇಡದ ತಣ್ಣನೆ ಗಾಳಿ ಒಳಗೆ ನುಗ್ಗುವುದಿಲ್ಲ. ಬಿಸಿಗಾಳಿ ಮೊದಲ ಪಾತ್ರೆಯ ತಳವನ್ನು ಕಾಯಿಸಿ, ಎರಡನೆಯದರ ಕೆಳಗೆ ಸಾಗಿ, ಮೂರನೆಯದಕ್ಕೆ ಉಳಿದ ಶಾಖ ಕೊಟ್ಟು, ಹೊಗೆಕೊಳವೆಯಲ್ಲಿ ಏರಿ ಮಾಡಿನಾಚೆ ಹೋಗುತ್ತದೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಶೇ. 10ರಿಂದ 15ರಷ್ಟು ಮಾತ್ರ ಪಾತ್ರೆಗೆ ಮುಟ್ಟುತ್ತಿತ್ತು. ಪ್ರಯೋಗಾಲಯದಲ್ಲಿ ಅಸ್ತ್ರ ಒಲೆ ಶೇ. 40ರ ಗಡಿ ಮುಟ್ಟಿತು. ಮನೆಗಳಲ್ಲಿ ಅಷ್ಟು ಬರಲಿಲ್ಲ, ಆದರೂ ಹಳೆಯದಕ್ಕಿಂತ ಬಹಳ ಮೇಲಿತ್ತು.

ಇದು ಮಣ್ಣಿನ ಒಲೆ. ಆ ಮನೆಯ ಪಾತ್ರೆಗಳ ಅಳತೆಗೆ, ಆ ಮನೆಯಲ್ಲೇ ಕಟ್ಟುವಂಥದ್ದು. ಮುದ್ದೆ ಮಾಡುವ ಮನೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಕುದಿಯುವ ಎಸರಿಗೆ ಹಿಟ್ಟು ಸುರಿದು, ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು, ಹಿಟ್ಟಿನ ಕೋಲಿನಿಂದ ಬಲವಾಗಿ ತೊಳೆಸುವಾಗ ಪಾತ್ರೆ ಒಂದಿಷ್ಟೂ ಅಲುಗಬಾರದು. ಗೋಡೆಗೆ ಸೇರಿಸಿ ಕಟ್ಟಿದ ಮಣ್ಣಿನ ಒಲೆ ಆ ಬಲವನ್ನು ತಡೆದುಕೊಳ್ಳುತ್ತದೆ. ಮೂರು ಕಾಲಿನ ಮೇಲೆ ನಿಂತ ತಗಡಿನ ಒಲೆ ಹೊರಳುತ್ತದೆ, ಬಿಸಿ ಹಿಟ್ಟು ಕಾಲ ಮೇಲೆ ಚೆಲ್ಲುವ ಭಯ ಹುಟ್ಟಿಸುತ್ತದೆ. ದಕ್ಷತೆಯ ಪಟ್ಟಿಯಲ್ಲಿ ಈ ಗುಣಕ್ಕೆ ಒಂದು ಅಂಕವೂ ಇಲ್ಲ.

ಕುಂದುಗಳನ್ನೂ ಅಷ್ಟೇ ನೇರವಾಗಿ ಹೇಳಬೇಕು. ಚಿಕ್ಕ ಬಾಯಿಯ ಒಲೆಗೆ ಸೌದೆಯನ್ನು ಸಣ್ಣಗೆ ಸೀಳಿಕೊಡಬೇಕು. ಹಳೆಯ ಒಲೆಯಲ್ಲಾದರೆ ಉದ್ದದ ಕೊಂಬೆಯನ್ನೇ ಒಡ್ಡಿ, ಉರಿದಂತೆಲ್ಲ ಮುಂದೆ ತಳ್ಳಿದರಾಯಿತು. ಸೀಳುವ ಕೆಲಸ ಹೆಚ್ಚಾಗಿ ಬಿದ್ದದ್ದು ಮೊದಲೇ ದಣಿದ ಹೆಂಗಸಿನ ಮೇಲೆ. ರೊಟ್ಟಿಯ ಸೀಮೆಯಲ್ಲಿ ಇನ್ನೊಂದು ತೊಡಕು. ಜೋಳದ ರೊಟ್ಟಿಯನ್ನು ಹಂಚಿನಿಂದ ಇಳಿಸಿ ಕೆಂಡದ ಮುಂದೆ ಹಿಡಿದು ಉಬ್ಬಿಸಬೇಕು, ಮುಚ್ಚಿದ ಒಲೆಯಲ್ಲಿ ಅದಕ್ಕೆ ಜಾಗವಿಲ್ಲ. ಮೂರರಲ್ಲಿ ಒಂದು ಕುಣಿಯ ಮೇಲೆ ಪಾತ್ರೆ ಇಡದಿದ್ದರೂ, ಅಳತೆ ಮೀರಿದ ಪಾತ್ರೆ ಇಟ್ಟರೂ ಹೊಗೆ ಅಲ್ಲಿಂದಲೇ ಮೇಲೇಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಮಸಿ. ಅದು ಪಾತ್ರೆಗಳ ಕೆಳಗಿನ ದಾರಿಯಲ್ಲೂ ಕೊಳವೆಯ ಬುಡದಲ್ಲೂ ಕೂರುತ್ತಾ ಹೋಗುತ್ತದೆ. ಕಾಲಕಾಲಕ್ಕೆ ಕೆರೆದು ತೆಗೆಯದಿದ್ದರೆ ಎಳೆತ ಸತ್ತು, ಹೊಗೆಯೆಲ್ಲ ಒಲೆಯ ಬಾಯಿಂದಲೇ ಮುಖಕ್ಕೆ ರಾಚುತ್ತದೆ.

ಈ ಕುಂದುಗಳೆಲ್ಲ ತಿದ್ದಿಕೊಳ್ಳಬಹುದಾದವು. ತಿದ್ದಲು ಯಾರೂ ಉಳಿಯಲಿಲ್ಲ ಎಂಬುದೇ ಸಂಕಟ. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2002ರಲ್ಲಿ ಅದು ಮುಗಿಯುವಷ್ಟರಲ್ಲಿ ದೇಶದಲ್ಲಿ ನಾನಾ ಮಾದರಿಯ 3 ಕೋಟಿಗೂ ಹೆಚ್ಚು ಒಲೆಗಳು ಹಂಚಿಕೆಯಾಗಿದ್ದವು. ಎಣಿಸಿದ್ದು ಕಟ್ಟಿದ ಒಲೆಗಳನ್ನು, ಉರಿಯುತ್ತಿರುವ ಒಲೆಗಳನ್ನಲ್ಲ. ಜಾಲರಿ ಮುರಿದಾಗ, ಕೊಳವೆ ಬಿರುಕು ಬಿಟ್ಟಾಗ ಬರುವವರಿರಲಿಲ್ಲ. ಮನೆಯವರು ಒಲೆಯನ್ನು ಕೆಡವಿ ಹಳೆಯದಕ್ಕೆ ಮರಳಿದರು. ಒಡಿಶಾದ ಹಳ್ಳಿಗಳಲ್ಲಿ ಚಿಮಣಿ ಒಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ರೆಮಾ ಹನ್ನಾ, ಎಸ್ತರ್ ದುಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಅವರ ಅಧ್ಯಯನ 2016ರಲ್ಲಿ ಹೊರಬಂತು. ಮೊದಲ ವರ್ಷ ಹೆಂಗಸರು ಉಸಿರಾಡುವ ಹೊಗೆ ತಗ್ಗಿತು, ಆಮೇಲೆ ಆ ಲಾಭ ಕರಗಿಹೋಯಿತು, ಆರೋಗ್ಯದಲ್ಲಿ ಸುಧಾರಣೆ ಕಾಣಲಿಲ್ಲ. ಸರಿಯಾಗಿ ಬಳಸುವುದೂ ದುರಸ್ತಿಯೂ ನಿಂತದ್ದೇ ಇದಕ್ಕೆ ಮುಖ್ಯ ಕಾರಣ.

ಮುಂದಿನ ತಲೆಮಾರಿನ ಒಲೆಗಳು ಮೇಸ್ತ್ರಿಯನ್ನು ಬಿಟ್ಟು ಕಾರ್ಖಾನೆಯನ್ನು ನಂಬಿದವು. ರಾಕೆಟ್ ಒಲೆಯ ಮೊಳಕೈಯಾಕಾರದ ಉರಿಗೂಡು ಶಾಖವನ್ನು ಒಳಗೇ ಹಿಡಿದಿಟ್ಟು ಹೊಗೆಯನ್ನು ಹೆಚ್ಚು ಸುಡುತ್ತದೆ. ಫ್ಯಾನ್ ಒಲೆ ಗಾಳಿಯನ್ನು ಬಲವಾಗಿ ಊದಿ ಉರಿಯ ಜೊತೆ ಬೆರೆಸುತ್ತದೆ. ಕಟ್ಟಿಗೆಯಿಂದ ಏಳುವ ಅನಿಲ ಪೂರ್ತಿ ಉರಿಯಲು ಶಾಖ, ಗಾಳಿ, ಒಂದಿಷ್ಟು ಸಮಯ ಮೂರೂ ಬೇಕು, ಯಾವುದು ಕಮ್ಮಿಯಾದರೂ ಉಳಿಯುವುದು ಹೊಗೆ. ಆ ದೃಷ್ಟಿಯಿಂದ ಫ್ಯಾನ್ ಒಲೆ ಎಂಜಿನಿಯರಿಂಗ್ ಆಗಿ ಅಸ್ತ್ರಕ್ಕಿಂತ ಮುಂದಿದೆ, ಅನುಮಾನವಿಲ್ಲ. ಆದರೆ ಅಡುಗೆಮನೆಯಲ್ಲಿ ಏನಾಯಿತು? ಭಾರತೀಯ ವಿಜ್ಞಾನ ಸಂಸ್ಥೆಯ ವಿನ್ಯಾಸದ ಆಧಾರದ ಮೇಲೆ ಬಿಪಿ ಕಂಪನಿ 2006ರಲ್ಲಿ ‘ಊರ್ಜಾ’ ಒಲೆ ತಂದಿತು. ಬೆಳೆಯ ಉಳಿಕೆಯಿಂದ ಮಾಡಿದ ಗುಳಿಗೆಗಳನ್ನು ಸುಡುವ ಈ ಫ್ಯಾನ್ ಒಲೆ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಚೆನ್ನಾಗಿ ಓಡಿ, ಸುಮಾರು 4 ಲಕ್ಷ ಮಾರಾಟವಾಯಿತು. ಗುಳಿಗೆಯ ಬೆಲೆ ಏರಿದಾಗ, ಸರಬರಾಜು ಕೈಕೊಟ್ಟಾಗ ಮನೆಯವರು ಅದನ್ನು ಬದಿಗಿಟ್ಟರು. ಕೊಪ್ಪಳ ಜಿಲ್ಲೆಯಲ್ಲಿ ಕಾರ್ಬನ್ ಕ್ರೆಡಿಟ್ ಯೋಜನೆಯಡಿ ಹಂಚಿದ ಒಲೆಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕಿನದು. ಹೊಸ ಒಲೆ ಬಂದ ಎಷ್ಟೋ ಮನೆಗಳಲ್ಲಿ ಹಳೆಯದೂ ಉರಿಯುತ್ತಲೇ ಇತ್ತು, ಸೌದೆಯ ಉಳಿತಾಯ ಎಣಿಸಿದಷ್ಟು ಆಗಲಿಲ್ಲ.

ಹಾಗಾದರೆ ನಿಯಮ ಏನು ಹೇಳುತ್ತದೆ? ಎತ್ತಿ ಇಡಬಹುದಾದ ಸೌದೆ ಒಲೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 13152 ಇದೆ. 2013ರ ಪರಿಷ್ಕರಣೆಯ ಪ್ರಕಾರ ಫ್ಯಾನಿಲ್ಲದ ಒಲೆಗೆ ಕನಿಷ್ಠ ಶೇ. 25, ಫ್ಯಾನ್ ಒಲೆಗೆ ಶೇ. 35 ದಕ್ಷತೆ ಇರಬೇಕು. ಪಾತ್ರೆಗೆ ಮುಟ್ಟಿದ ಪ್ರತಿ ಮೆಗಾಜೂಲ್ ಶಾಖಕ್ಕೆ ಹೊಗೆಯ ಕಣಗಳು ಫ್ಯಾನಿಲ್ಲದ್ದರಲ್ಲಿ 350 ಮಿಲಿಗ್ರಾಂ, ಫ್ಯಾನ್ ಒಲೆಯಲ್ಲಿ 150 ಮಿಲಿಗ್ರಾಂ ಮೀರಬಾರದು. ಇನ್ನೊಂದೆಡೆ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹಾಕಿದ ಗುರಿ ಇದೆ. ಚಿಮಣಿಯಿಲ್ಲದ ಒಲೆ ನಿಮಿಷಕ್ಕೆ 0.23 ಮಿಲಿಗ್ರಾಂ, ಚಿಮಣಿಯಿರುವ ಒಲೆ 0.80 ಮಿಲಿಗ್ರಾಂ ಪಿಎಂ 2.5 ಕಣಗಳನ್ನು ಮೀರಬಾರದು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪಾತ್ರೆಗೆ ಒಂದು ಕಿಲೋವ್ಯಾಟ್ ಶಾಖ ಮುಟ್ಟಿಸುವ ಒಲೆ ನಿಮಿಷಕ್ಕೆ 0.06 ಮೆಗಾಜೂಲ್ ಕೊಡುತ್ತದೆ. ನಮ್ಮ ಮಾನಕದ ಮಿತಿಯಂಚಿನಲ್ಲಿ ಪಾಸಾದ ಫ್ಯಾನ್ ಒಲೆ ಅಷ್ಟು ಹೊತ್ತಿನಲ್ಲಿ 9 ಮಿಲಿಗ್ರಾಂ, ಫ್ಯಾನಿಲ್ಲದ್ದು 21 ಮಿಲಿಗ್ರಾಂ ಕಣ ಬಿಡಬಹುದು. ಹೊಗೆಯ ಕಣಗಳು ಬಹುಪಾಲು ಪಿಎಂ 2.5ರ ಗಾತ್ರದವೇ. ಅಂದರೆ ಚಿಮಣಿಯಿಲ್ಲದ ಒಲೆಯ ಗುರಿಗಿಂತ ಒಂದು ಸುಮಾರು 40 ಪಟ್ಟು, ಇನ್ನೊಂದು 90 ಪಟ್ಟು ಹೆಚ್ಚು. ಐಎಸ್‌ಐ ಗುರುತು ಇರುವ ಒಲೆ ಹಳೆಯದಕ್ಕಿಂತ ಒಳ್ಳೆಯದು ಎನ್ನಬಹುದು. ಮುಚ್ಚಿದ ಅಡುಗೆಮನೆಯಲ್ಲಿ ಅದರ ಪಕ್ಕ ಕೂಸನ್ನು ಮಲಗಿಸಬಹುದು ಎನ್ನಲಾಗದು. ನಿಯಮ ಅಳೆಯುವುದು ಒಲೆಯನ್ನು. ಅಳೆಯಬೇಕಾದದ್ದು ಅಡುಗೆ ಮಾಡುವವರು ಉಸಿರಾಡುವ ಗಾಳಿಯನ್ನು.

ಅಸ್ತ್ರ ಒಲೆಯ ಕೊಳವೆ ಮುಖ್ಯವಾಗುವುದು ಇಲ್ಲೇ. ಮಾರುಕಟ್ಟೆಯ ಎತ್ತಿ ಇಡುವ ಒಲೆಗಳಲ್ಲಿ ಹೆಚ್ಚಿನವಕ್ಕೆ ಚಿಮಣಿಯೇ ಇಲ್ಲ. ಒಲೆ ಹೊಗೆಯನ್ನು ಸುಟ್ಟುಬಿಡುತ್ತದೆ ಎಂಬ ಭರವಸೆಯಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಹಸಿ ಸೌದೆ ಒಡ್ಡಿದ ದಿನ, ಬ್ಯಾಟರಿ ಇಳಿದ ದಿನ ಆ ಭರವಸೆ ಉಳಿಯುವುದಿಲ್ಲ. ಚಿಮಣಿ ಹೊಗೆಯನ್ನು ಇಲ್ಲವಾಗಿಸುವುದಿಲ್ಲ ಎಂಬುದೂ ನಿಜ. ಒತ್ತೊತ್ತಾಗಿ ಮನೆಗಳಿರುವ ಕೇರಿಯಲ್ಲಿ ಒಬ್ಬರ ಹೊಗೆ ಇನ್ನೊಬ್ಬರ ಕಿಟಕಿಗೆ ಬರುತ್ತದೆ, ಹೊರಗಿನ ಗಾಳಿಯೂ ಕೆಡುತ್ತದೆ. ಆದ್ದರಿಂದ ಉರಿಯೂ ಚೊಕ್ಕವಾಗಿರಬೇಕು, ಕೊಳವೆಯೂ ಇರಬೇಕು. ಒಂದನ್ನು ಬಿಟ್ಟು ಇನ್ನೊಂದು ಸಾಲದು.

ಒಲೆ ಆರಿಸುವವರಿಗೆ ನನ್ನ ಸಲಹೆ ಹೀಗೆ. ದಿನದ ಅಡುಗೆಗೆ ಗ್ಯಾಸ್ ತುಂಬಿಸಿಕೊಳ್ಳುವ ಶಕ್ತಿಯಿದ್ದರೆ ಅಡುಗೆಮನೆಯೊಳಗೆ ಸೌದೆ ಒಲೆ ಬೇಡ, ಎಷ್ಟೇ ಒಳ್ಳೆಯದಾದರೂ. ಸೌದೆಯೇ ಗತಿಯಾದರೆ ಚಿಮಣಿಯಿರುವುದನ್ನೇ ಕಟ್ಟಿಸಿ. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಮೇಲಿರಲಿ, ಬುಡದಲ್ಲಿ ಮಸಿ ತೆಗೆಯುವ ಕಿಂಡಿ ಇರಲಿ. ಕಟ್ಟಿದವರು ಮುಂದಿನ ವರ್ಷವೂ ಕೈಗೆ ಸಿಗುತ್ತಾರೆಯೇ ಎಂದು ಕೇಳಿಕೊಳ್ಳಿ. ಎತ್ತಿ ಇಡುವ ಒಲೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ, ಅದನ್ನು ಹಜಾರದಲ್ಲೋ ಹಿತ್ತಲ ಮಾಡಿನ ಕೆಳಗೋ ಉರಿಸಿ. ನಿಮ್ಮ ದೊಡ್ಡ ಪಾತ್ರೆ ಅದರ ಮೇಲೆ ಅಲುಗದೆ ಕೂರುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಪರೀಕ್ಷಿಸಿ. ನಿಮ್ಮಲ್ಲಿ ಸಿಗುವುದು ತೊಗರಿಕಡ್ಡಿಯೋ, ತೆಂಗಿನ ಮಟ್ಟೆಯೋ, ಜಾಲಿ ಸೌದೆಯೋ, ಅದನ್ನೇ ಒಡ್ಡಿ ನೋಡದೆ ಹಣ ಕೊಡಬೇಡಿ.

ಸೌದೆಯ ತೇವವನ್ನು ಮರೆತರೆ ಯಾವ ಒಲೆಯೂ ಕಾಪಾಡದು. ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಉರಿಯ ಶಾಖದ ಒಂದು ಪಾಲು ಆ ನೀರನ್ನು ಆರಿಸಲು ವ್ಯಯವಾಗಿ, ಉರಿ ತಣಿದು, ಹೊಗೆ ದಟ್ಟವಾಗುತ್ತದೆ. ಒಂದು ಸೀಳನ್ನು ಇನ್ನೊಂದಕ್ಕೆ ಬಡಿದಾಗ ಟಣ್ಣೆಂದರೆ, ತುದಿಯಲ್ಲಿ ಬಿರುಕು ಬಿಟ್ಟಿದ್ದರೆ ಅದು ಒಣಗಿದೆ. ಇಂಗ್ಲೆಂಡಿನಲ್ಲಿ 2021ರಿಂದ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯ ತೇವ ಶೇ. 20 ಮೀರುವಂತಿಲ್ಲ ಎಂಬ ನಿಯಮವೇ ಇದೆ. ನಮ್ಮಲ್ಲಿ ಮಲೆನಾಡಿನವರು ಮಳೆಗಾಲಕ್ಕೆ ಮೊದಲೇ ಸೌದೆ ಕೊಟ್ಟಿಗೆ ತುಂಬಿಸುವುದು ಕಾನೂನಿಲ್ಲದೆಯೇ ಪಾಲಿಸಿಕೊಂಡು ಬಂದ ಒಳ್ಳೆಯ ರೂಢಿ.

ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲ ಹಂಡೆಯ ಕೆಳಗೆ ಸೌದೆ ಉರಿಯುತ್ತಲೇ ಇದೆ. ಸೋಗೆ, ಕರಟ, ಸಿಪ್ಪೆ ಎಲ್ಲ ಅಲ್ಲಿಗೇ. ಹಂಡೆಯ ಸುತ್ತ ಬಿಸಿಗಾಳಿ ಸುತ್ತಿ ಹೋಗುವಂಥ ಬಚ್ಚಲ ಒಲೆಯನ್ನೂ ಅಸ್ತ್ರದವರು ರೂಪಿಸಿದ್ದರು. ಅಡುಗೆ ಒಲೆಗಿಂತ ಇದಕ್ಕೆ ಇಂದು ಹೆಚ್ಚು ಅರ್ಥವಿದೆ. ಇಲ್ಲಿ ಒಂದೇ ಪಾತ್ರೆ, ಒಂದೇ ಕೆಲಸ, ಬಳಸುವವರ ರೂಢಿಯೂ ಬದಲಾಗಬೇಕಿಲ್ಲ. ಹೊಗೆ ಉಗುಳುವ ಹಂಡೆ ಒಲೆಗೆ ಒಂದು ಜಾಲರಿ, ಒಂದು ಸರಿಯಾದ ಕೊಳವೆ ಹಾಕಿಸುವುದು ಮನೆಯೊಂದು ಮಾಡಬಹುದಾದ ಅಗ್ಗದ, ಬಾಳುವ ಸುಧಾರಣೆ.

ನನ್ನ ತೀರ್ಪು ಇಷ್ಟು. ಅಸ್ತ್ರ ಒಲೆ ಸೋತ ವಿನ್ಯಾಸವಲ್ಲ, ನೋಡಿಕೊಳ್ಳುವವರಿಲ್ಲದೆ ಸೊರಗಿದ ಒಳ್ಳೆಯ ವಿನ್ಯಾಸ. ಹೊಸ ಒಲೆಗಳ ಉರಿ ಅದಕ್ಕಿಂತ ಚೊಕ್ಕ, ಆದರೆ ಅಡುಗೆಮನೆಯ ತಿಳಿವಳಿಕೆ ಅದಕ್ಕಿಂತ ಕಡಿಮೆ. ಮುಂದೆ ಸರ್ಕಾರ ಒಲೆಗೆ ಹಣ ಕೊಡುವುದಾದರೆ ಹಂಚಿದ ದಿನವೇ ಪೂರ್ತಿ ಕೊಡಬಾರದು. ಅರ್ಧವನ್ನು ತಡೆಹಿಡಿದು, ಎರಡು ವರ್ಷವಾದ ಮೇಲೂ ಒಲೆ ಉರಿಯುತ್ತಿದೆಯೇ, ಕೊಳವೆ ಚೊಕ್ಕವಾಗಿದೆಯೇ ಎಂದು ನೋಡಿ ಕೊಡಲಿ. ಪ್ರತಿ ಪಂಚಾಯಿತಿಯಲ್ಲಿ ಒಲೆ ಕಟ್ಟುವ, ದುರಸ್ತಿ ಮಾಡುವ ಇಬ್ಬರು ಹೆಂಗಸರಿಗೆ ತರಬೇತಿಯೂ ಸಂಬಳವೂ ಸಿಗಲಿ.